ಬಳ್ಳಿಯಣ್ಣನ ಬೋಳು ಪುಟ

ಕೆಲವರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ನಮ್ಮ ಬಳ್ಳಿಯಣ್ಣ ಆ ಪೈಕಿ. ಹಾಲಿನವನಿಗೆ 'ನಾಳೆ ಹಾಲು ಬೇಡ' ಎಂದು ಚೀಟಿ ಬರೆದರೂ ಸುತ್ತ ನಾಲ್ಕು ಎಲೆ, ಮೂಲೆಗೊಂದು ಮೊಗ್ಗು ಬಿಡಿಸದೆ ಅವನಿಗೆ ಸಮಾಧಾನವಿಲ್ಲ. ಒಮ್ಮೆ ಹಾಲಿನವನು ಅದನ್ನು ಯಾವುದೋ ಶುಭಾಶಯ ಪತ್ರವೆಂದುಕೊಂಡು ಓದದೆಯೇ ಜೇಬಿಗಿಳಿಸಿ, ಖುಷಿಗೆ ಅರ್ಧ ಲೀಟರು ಜಾಸ್ತಿಯೇ ಹಾಕಿ ಹೋಗಿದ್ದ.

ಬಳ್ಳಿಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅದನ್ನು ಬೇರೆ ಹೇಳಬೇಕೇ? ಮೀಸೆ ಚಿಗುರುವ ವಯಸ್ಸಿಗೇ ಅವನು ಒಂದು ಪ್ರೆಸ್ಸು ಸೇರಿದ್ದ. ಮದುವೆಯ ಕರೆಯೋಲೆಗಳಿಗೆ ಅಂಚು ಬಿಡಿಸುವುದು ಅವನ ಕೆಲಸ. ಒಂದು ಕರೆಯೋಲೆಯಲ್ಲಿ ಅವನ ಹೂಬಳ್ಳಿ ಎಷ್ಟು ಹುಲುಸಾಗಿ ಹಬ್ಬಿತೆಂದರೆ, ಮದುಮಗಳ ಹೆಸರಿಗೆ ಜಾಗವೇ ಉಳಿಯಲಿಲ್ಲ. ಹೆಣ್ಣಿನ ಸೋದರಮಾವ ಪ್ರೆಸ್ಸಿಗೆ ಬಂದು, "ಅಲ್ಲಯ್ಯಾ, ಹುಡುಗ ಯಾರನ್ನ ಮದುವೆ ಆಗ್ತಿದಾನೆ? ಬಳ್ಳೀನಾ?" ಎಂದು ಕೇಳಿದ. ಅಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆವತ್ತು ಅಂಟಿದ ಹೆಸರು ಮತ್ತೆ ಬಿಡಲಿಲ್ಲ. ಪ್ರೆಸ್ಸು ಮುಚ್ಚಿತು, ಬಳ್ಳಿಯಣ್ಣ ಕಂಪ್ಯೂಟರ್ ಕಲಿತು ಬಸ್ ನಿಲ್ದಾಣದ ಆಫೀಸು ಸೇರಿದ, ಅಲ್ಲಿನ ವೆಬ್‌ಸೈಟು ನೋಡಿಕೊಳ್ಳುವವನಾದ. ಹೆಸರು ಮಾತ್ರ ಹಿಂದೆಯೇ ಬಂತು. ಬಳ್ಳಿಯೂ ಬಂತು.

ಇಂಥವನಿಗೆ ಸಿಕ್ಕ ಹೆಂಡತಿಯನ್ನು ನೋಡಿ. ಅದೇ ನಿಲ್ದಾಣದ ನಡುವೆ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳನ್ನು ಕೂಗಿ ಹೇಳುವವಳು. ಎಲ್ಲರಿಗೂ ಅವಳು ಮೈಕಮ್ಮ. "ಏಳನೇ ನಂಬರು. ಮೂರನೇ ಪ್ಲಾಟ್‌ಫಾರಂ. ಹೊರಡುತ್ತಿದೆ." ಅಷ್ಟೇ. ಹಿಂದೆ ನಮಸ್ಕಾರವಿಲ್ಲ, ಮುಂದೆ ಧನ್ಯವಾದವಿಲ್ಲ. ಆದರೆ ಆ ದನಿ ಇದೆಯಲ್ಲ, ಮಲಗಿದವನನ್ನು ಎಬ್ಬಿಸುತ್ತಿತ್ತು, ಎದ್ದವನನ್ನು ಬೆಚ್ಚಿಬೀಳಿಸುತ್ತಿರಲಿಲ್ಲ. ಬಳ್ಳಿಯಣ್ಣ ಪ್ರೆಸ್ಸಿನ ಕಾಲದಲ್ಲಿ ಒಮ್ಮೆ ಆ ಗಾಜಿನ ಕಿಂಡಿಗೆ ಬಗ್ಗಿ, ತಾನು ಯಾರು, ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು, ಮಳೆ ಬಂದರೆ ಏನು ಕಥೆ ಎಂದೆಲ್ಲ ವಿವರಿಸಿ ತನ್ನ ಬಸ್ಸು ಯಾವಾಗ ಎಂದು ಕೇಳಿದ್ದ. ಅವಳು ಕತ್ತೆತ್ತಿ ನೋಡಿ, "ಹೋಯ್ತು" ಎಂದಳು. ಇವನು ಹೇಳುತ್ತಿದ್ದಾಗಲೇ ಹೋಗಿತ್ತು. ಬಸ್ಸು ತಪ್ಪಿದ್ದಕ್ಕೆ ಹೆಂಡತಿ ಸಿಕ್ಕಳು ಎಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ. ಅವಳು ಅದನ್ನು ಅಲ್ಲಗಳೆದಿಲ್ಲ, ಒಪ್ಪಿಕೊಂಡೂ ಇಲ್ಲ.

ಹೀಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದುಕೊಂಡೇ ಸಂಸಾರ ಸುಖವಾಗಿ ಸಾಗಿತ್ತು. ಅಷ್ಟರಲ್ಲಿ ಮೈಕಮ್ಮನ ದನಿ ಕಟ್ಟತೊಡಗಿತು. ಡಾಕ್ಟರು ನೋಡಿ, ಸ್ವರ ಹೊರಡುವ ಜಾಗದಲ್ಲೇ ಸಣ್ಣ ಗಂಟು ಬೆಳೆದಿದೆ ಎಂದರು. ತೆಗೆದೂ ಹಾಕಿದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಒಂದು ತಿಂಗಳು ಒಂದಕ್ಷರ ಆಡೋ ಹಾಗಿಲ್ಲ. ಪಿಸುಮಾತೂ ಬೇಡ. ಆಡಿದ್ರೋ, ದನಿ ಹೋಯ್ತು ಅಂತಲೇ ತಿಳ್ಕೊಳ್ಳಿ. ನಾನಲ್ಲ, ಯಾರು ಬಂದ್ರೂ ವಾಪಸ್ ತರಕ್ಕಾಗಲ್ಲ," ಎಂದರು. ಇಬ್ಬರೂ ಹೊರಗೆ ಬಂದರು. ಆ ದನಿ ಇಲ್ಲದ ಮನೆಯನ್ನು, ಆ ದನಿ ಇಲ್ಲದ ನಿಲ್ದಾಣವನ್ನು ಬಳ್ಳಿಯಣ್ಣ ನೆನೆಸಿಕೊಳ್ಳಲೂ ಆರ. ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಟ್ಟ. ಅವಳೇ ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮನೆಗೆ ಕರೆತಂದಳು.

ಮನೆಯಲ್ಲಿ ಒಂದು ಭಾಷೆ ತಯಾರಾಯಿತು. ಬೆರಳಿನ ಉಂಗುರದಿಂದ ಒಂದು ಸಲ 'ಟಕ್' ಎಂದರೆ ಬೇಡ. ಎರಡು ಸಲ ಎಂದರೆ ಸರಿ. ಮೂರು ಸಲ ಎಂದರೆ ತಲೆ ನೆಟ್ಟಗಿದೆಯಾ ಎಂದು. ತಟ್ಟೆ, ಲೋಟ, ಗೋಡೆ, ಗಂಡನ ಬೋಳುತಲೆ, ಯಾವುದರ ಮೇಲಾದರೂ ನಡೆಯುತ್ತಿತ್ತು. ಇವರ ಜೊತೆಗೇ ಇದ್ದ ಬಳ್ಳಿಯಣ್ಣನ ತಾಯಿಗೆ ಕಿವಿ ಮಂದ. ಸೊಸೆಯ ಆಪರೇಷನ್ನಿನ ಸುದ್ದಿಯನ್ನು ಮೂರು ಸಲ ಕಿರುಚಿ ಹೇಳಿದ್ದರೂ ಅವರ ತಲೆಗೆ ಹೋಗಿರಲಿಲ್ಲ. ಪಕ್ಕದ ಮನೆಯಾಕೆಯ ಹತ್ತಿರ, "ಈಗೀಗ ನನ್ನ ಸೊಸೆ ಎದುರು ಮಾತಾಡಲ್ಲ ಕಣಮ್ಮ. ದೇವರು ಕಣ್ಣು ಬಿಟ್ಟ," ಎಂದು ಊರಿಗೆಲ್ಲ ಕೇಳುವ ಹಾಗೆ ಗುಟ್ಟು ಹೇಳಿದರು. ಒಳಗೆ ತಟ್ಟೆಯ ಮೇಲೆ ಮೂರು ಸಲ ಟಕ್ ಎಂದಿತು.

ಆಪರೇಷನ್ನಿಗೆಂದು ಹಾಕಿದ್ದ ರಜೆ ಮುಗಿದಿತ್ತು. ಮೈಕಮ್ಮ ಮಾತಿಲ್ಲದಿದ್ದರೂ ಗಾಜಿನ ಗೂಡಿಗೆ ಹೋಗಿ ಕೂರತೊಡಗಿದಳು. ಸೀಟು ಖಾಲಿ ಬಿಟ್ಟರೆ ಯಾರಾದರೂ ಕರವಸ್ತ್ರ ಹಾಕುತ್ತಾರೆ ಎಂದು ಬಸ್ ನಿಲ್ದಾಣದವಳಿಗೆ ಹೇಳಿಕೊಡಬೇಕೇ? ಆದರೂ ಮ್ಯಾನೇಜರು ಬಳ್ಳಿಯಣ್ಣನನ್ನು ಕರೆಸಿದರು.

"ನೋಡಪ್ಪಾ, ನಿನ್ನ ಹೆಂಡ್ತಿ ಮೇಲೆ ನನಗೇನು ಹಗೆ ಇಲ್ಲ. ಆದ್ರೆ ನಿಲ್ದಾಣ ಒಂದು ತಿಂಗಳು ಮೂಕ ಆಗಿರಕ್ಕಾಗುತ್ತಾ? ಅಲ್ಲಿ ದೊಡ್ಡ ಪರದೆ ನೇತಾಕಿದೀವಲ್ಲ, ಅದರಲ್ಲಿ ಬಸ್ಸಿನ ಟೈಮು ಕಾಣಿಸೋ ಹಾಗೆ ಮಾಡು. ಜನ ಓದ್ಕೊಂಡು ಹತ್ತಲಿ. ಕಾಣಿಸಿದ್ರೆ ಅವಳ ಕುರ್ಚಿ ಅವಳಿಗೆ. ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ತೀನಿ. ಆಮೇಲೆ ನನ್ನ ಬೈಕೋಬೇಡ."

"ಈಗ್ಲೂ ಕಾಣಿಸ್ತಿದೆಯಲ್ಲ ಸಾರ್?"

"ಏನು ಕಾಣಿಸ್ತಿದೆ? ಬಾ ಇಲ್ಲಿ."

ಇಬ್ಬರೂ ಪರದೆಯ ಕೆಳಗೆ ನಿಂತು ಕತ್ತೆತ್ತಿದರು. ಅದರಲ್ಲಿ ತೋರುತ್ತಿದ್ದುದು ಬಳ್ಳಿಯಣ್ಣನ ವೆಬ್‌ಸೈಟಿನದೇ ಪುಟ. ಮೇಲೆ ಏಳು ಬಣ್ಣಗಳಲ್ಲಿ ಸಂಸ್ಥೆಯ ಹೆಸರು. ಅದರ ಕೆಳಗೆ ಹೂವಿನ ಚೌಕಟ್ಟಿನೊಳಗೆ ಅಧ್ಯಕ್ಷರು. ಅವರ ಕೆಳಗೆ 'ಬನ್ನಿ, ಬನ್ನಿ' ಎಂದು ಓಡುವ ಅಕ್ಷರ. ಎಡಕ್ಕೆ ಮೆನು, ಬಲಕ್ಕೆ ಹಲ್ಲು ಬಿಟ್ಟು ನಗುವ ಒಂದು ಬಸ್ಸಿನ ಚಿತ್ರ. ಸುತ್ತಲೂ ಬಳ್ಳಿ. ಇಷ್ಟೆಲ್ಲದರ ನಡುವೆ ಉಳಿದ ಸಂದಿಯಲ್ಲಿ ಒಂದೂವರೆ ಬಸ್ಸಿನ ವಿವರ. ಆ ಅರ್ಧ ಬಸ್ಸಿನ ನಂಬರು ಕಾಣುತ್ತಿತ್ತು, ಟೈಮು ಬಳ್ಳಿಯ ಹಿಂದೆ ಹೋಗಿತ್ತು.

"ಆ ಬಸ್ಸು ಯಾಕಯ್ಯಾ ನಗ್ತಿದೆ? ನಮ್ಮ ಬಸ್ಸು ಯಾವತ್ತಾದ್ರೂ ನಕ್ಕಿದ್ದುಂಟಾ?" ಎಂದರು ಮ್ಯಾನೇಜರು. "ಈ ಪರದೆಗೆ ಅದೆಲ್ಲ ಬೇಡ. ಬೋಳು ಪುಟ ಬೇಕು. ಬಿಳಿ ಮೇಲೆ ಕಪ್ಪು ಅಕ್ಷರ. ನಂಬರು, ಪ್ಲಾಟ್‌ಫಾರಂ, ಟೈಮು. ಮುಗೀತು. ಬೇರೆ ಪುಟಗಳನ್ನ ಮುಟ್ಟಬೇಡ. ಅಧ್ಯಕ್ಷರ ಫೋಟೋ ಅಂತೂ ಮುಟ್ಟಲೇಬೇಡ, ನನಗೂ ಹೆಂಡ್ತಿ ಮಕ್ಕಳಿದಾರೆ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಂಥ ಸೈಟುಗಳನ್ನು ನಡೆಸುವ ತಂತ್ರಾಂಶದಲ್ಲಿ ನೀವು ಹೊಸ ಪುಟ ತೆರೆದು ಒಂದೇ ಅಕ್ಷರ ಬರೆದರೂ, ಅದು ತಾನಾಗಿಯೇ ಉಡುಪು ತೊಟ್ಟುಕೊಂಡು ಹೊರಗೆ ಬರುತ್ತದೆ. ತಲೆಗೆ ಒಂದು ಪಟ್ಟಿ, ಪಕ್ಕಕ್ಕೆ ಮೆನು, ಅಡಿಗೆ ಇನ್ನೊಂದು ಪಟ್ಟಿ. ಆ ಉಡುಪಿಗೆ ಥೀಮ್ ಎನ್ನುತ್ತಾರೆ. ಬರಿಮೈಯ ಪುಟ ಬೇಕೆಂದರೆ ಅದಕ್ಕೆಂದೇ ಒಂದು ಟೆಂಪ್ಲೇಟು ಬರೆಯಬೇಕು. ತಲೆಪಟ್ಟಿಯನ್ನು ಕರೆಯಬೇಡ, ಅಡಿಪಟ್ಟಿಯನ್ನು ಕರೆಯಬೇಡ, ಪುಟದಲ್ಲಿ ಏನಿದೆಯೋ ಅದನ್ನಷ್ಟೇ ತೋರಿಸಿ ಸುಮ್ಮನಿರು ಎಂದು ಅದಕ್ಕೆ ಹೇಳಬೇಕು. ಕೆಲವೇ ಸಾಲುಗಳ ಕೆಲಸ. ಆಮೇಲೆ ಪುಟದ ಪಕ್ಕದ ಪಟ್ಟಿಯಲ್ಲಿ ಆ ಟೆಂಪ್ಲೇಟನ್ನು ಆರಿಸಿದರೆ ಆಯಿತು. ಬೇರೆ ಯಾರಾಗಿದ್ದರೂ ಚಹಾ ಆರುವುದರೊಳಗೆ ಮುಗಿಸಿ ಎದ್ದಿರುತ್ತಿದ್ದರು.

ಬಳ್ಳಿಯಣ್ಣನೂ ಬರೆಯುವುದನ್ನು ಬೇಗನೆ ಬರೆದ. ಬರೆದು ನೋಡಿದರೆ, ಅಯ್ಯೋ ದೇವರೇ, ಬೆಳ್ಳಗೆ ಬೋಳು ಬೋಳು! ಹೆತ್ತ ಮಗುವಿನ ಅಂಗಿ ಚಡ್ಡಿ ಕಳಚಿ ಬೀದಿಗೆ ಬಿಟ್ಟ ಹಾಗಾಯಿತು ಅವನಿಗೆ. ಮಾನ ಮುಚ್ಚಲು ಒಂದು ತೆಳ್ಳನೆಯ ಗೆರೆಯಾದರೂ ಬೇಡವೇ ಎಂದು ಸುತ್ತ ಒಂದು ಗೆರೆ ಎಳೆದ. ಗೆರೆ ಎಳೆದ ಮೇಲೆ ಮೂಲೆ ಹುಟ್ಟಿತು. ಮೂಲೆ ಹುಟ್ಟಿದ ಮೇಲೆ ಮೊಗ್ಗು ಬೇಡ ಎನ್ನುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ಸಂಜೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಹೆಂಡತಿಯ ಮುಂದೆ ತೆರೆದಿಡುವಷ್ಟರಲ್ಲಿ ಬಳ್ಳಿ ಅರ್ಧ ಪುಟಕ್ಕೆ ಹಬ್ಬಿತ್ತು.

ಟಕ್.

"ಅಲ್ಲ ಕಣೇ, ಇದು ದೊಡ್ಡ ಬಳ್ಳಿ ಅಲ್ಲ. ಮರಿ ಬಳ್ಳಿ."

ಟಕ್.

ಅವನು ಬಳ್ಳಿ ತೆಗೆದ. ಮೊಗ್ಗು ಉಳಿಸಿಕೊಂಡ.

ಟಕ್.

"ಒಂದೇ ಒಂದು ಹೂವು ಕಣೇ! ಬಸ್ಸಿಗೆ ಕಾಯೋ ಜನ, ಪಾಪ, ಕಣ್ಣಿಗೆ ತಂಪಾಗಿ ಏನಾದ್ರೂ ಬೇಡ್ವಾ? ಇಷ್ಟೇ ಇಷ್ಟು. ಕೆಳಗಿನ ಮೂಲೇಲಿ. ಯಾರಿಗೂ ಅಡ್ಡ ಬರಲ್ಲ."

ಟಕ್, ಟಕ್, ಟಕ್.

ಮೂರು ಸಲ ಬಿದ್ದ ಮೇಲೆ ವಾದಕ್ಕೆ ಎಡೆಯೇ ಇಲ್ಲ. ಹೂವೂ ಹೋಯಿತು. ಎದುರಿಗೆ ಕೂತಿದ್ದ ತಾಯಿ ಪರದೆಯತ್ತ ಇಣುಕಿ, "ಏನೋ ಇದು, ಬರೆಯಕ್ಕೆ ಏನೂ ತೋಚಲಿಲ್ವಾ?" ಎಂದರು. ಬಳ್ಳಿಯಣ್ಣ ಉಣ್ಣದೆ ಎದ್ದ. ನಗಬೇಡಿ. ಜೀವಮಾನವೆಲ್ಲ ಕಲಿತದ್ದನ್ನು ಒಂದೊಂದಾಗಿ ಕಿತ್ತು ಹಾಕುವುದೆಂದರೆ ತಮಾಷೆಯೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆ ಹಿಡಿದವನೂ ಅವನೇ.

ಮರುದಿನ ಬೆಳಗ್ಗೆ ಬೋಳು ಪುಟ ಪರದೆಗೆ ಏರಿತು. ಬಿಳಿಯ ಮೇಲೆ ಕಪ್ಪಾಗಿ, ನಿಲ್ದಾಣದ ಆ ಕೊನೆಯ ಬೆಂಚಿಗೂ ಕಾಣುವ ಹಾಗೆ, ಹತ್ತು ಬಸ್ಸುಗಳ ವಿವರ. ಎಲ್ಲಕ್ಕಿಂತ ಮೇಲೆ 'ಏಳು, ಮೂರನೇ ಪ್ಲಾಟ್‌ಫಾರಂ, ಹೊರಡಲಿದೆ' ಎಂದಿತ್ತು. ಜನ ಓದಿದರು, ಸದ್ದಿಲ್ಲದೆ ಹೋಗಿ ಹತ್ತಿದರು. ಮ್ಯಾನೇಜರು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿ ತಿಂಡಿಗೆ ಹೋದರು. ಗಾಜಿನ ಗೂಡಿನಿಂದ ಎರಡು ಟಕ್ ಕೇಳಿಸಿತು. ಬಳ್ಳಿಯಣ್ಣ ನಿಟ್ಟುಸಿರು ಬಿಟ್ಟು ತನ್ನ ಮೇಜಿಗೆ ಹೋಗಿ ಕೂತ.

ಏಳನೇ ನಂಬರು ಹೊರಟುಹೋಯಿತು. ಪರದೆಯ ಮೇಲೆ ಮಾತ್ರ ಅದು ಹೊರಡಲೇ ಇಲ್ಲ. ಆಮೇಲೆ ಬಂದವರೂ ಅದನ್ನೇ ಓದಿ ಮೂರನೇ ಪ್ಲಾಟ್‌ಫಾರಮ್ಮಿಗೆ ಹೋಗಿ ನಿಂತರು. ಅವರ ಹಿಂದೆ ಬಂದವರೂ ನಿಂತರು. ಹನ್ನೆರಡನೇ ನಂಬರು ಖಾಲಿ ಖಾಲಿಯಾಗಿ ಹೋಯಿತು. ನಾಲ್ಕನೇ ನಂಬರಿನ ಕಂಡಕ್ಟರು, "ಇವತ್ತೇನು ಊರಿಗೆ ಊರೇ ಉಪವಾಸ ಕೂತಿದೆಯೇನ್ರೀ, ಒಬ್ರೂ ಬರ್ತಿಲ್ಲ?" ಎಂದು ಕೂಗುತ್ತಾ ಓಡಾಡಿದ. ಚೀಲ ಹಿಡಿದ ಮುದುಕರೊಬ್ಬರು ಪರದೆಯನ್ನು ದಿಟ್ಟಿಸಿ ದಿಟ್ಟಿಸಿ, "ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ ಆಯ್ತಲ್ಲ ಇದು! ನಾನು ಬಂದಾಗ್ಲೂ ಏಳು, ಈಗ್ಲೂ ಏಳು!" ಎಂದರು. ಆಗ ಎಲ್ಲರಿಗೂ ಜ್ಞಾನೋದಯವಾಯಿತು. ಗುಂಪು ಗಾಜಿನ ಗೂಡಿಗೆ ಮುತ್ತಿಕೊಂಡಿತು.

"ಏನಮ್ಮಾ, ಒಂಬತ್ತು ಎಲ್ಲಿ?"

"ಹೇಳಮ್ಮಾ, ಬಾಯಿಲ್ವಾ ನಿನಗೆ?"

ಮೈಕಮ್ಮ ಐದು ಬೆರಳು ತೋರಿಸಿದಳು. ಐದನೇ ಪ್ಲಾಟ್‌ಫಾರಂ ಎಂದು ಅವಳ ಅರ್ಥ. ಐದು ನಿಮಿಷ ಕಾಯಿರಿ ಎಂದಳೆಂದುಕೊಂಡು ಅವರು ಅಲ್ಲೇ ನಿಂತರು. ಅತ್ತ ಒಂಬತ್ತನೇ ನಂಬರು ಗುರುಗುಡುತ್ತಿತ್ತು. ಅದು ಹೋದರೆ ಆ ದಾರಿಗೆ ಮತ್ತೆ ಸಂಜೆಗೇ ಬಸ್ಸು. ಮುದುಕರು ಗಾಜಿಗೆ ಒತ್ತಿ ಹಿಡಿದ ಮುಂಗಡ ಟಿಕೆಟ್ಟು ಅವಳ ಕಣ್ಣೆದುರಿಗೇ ಇತ್ತು, ಒಂಬತ್ತರದ್ದೇ. ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ಕೈ ತಾನಾಗಿಯೇ ಹೋಗಿ ಮೈಕಿನ ಗುಂಡಿ ಒತ್ತಿತು. ಕೆಂಪು ದೀಪ ಹತ್ತಿತು. ಉಸಿರು ಎಳೆದುಕೊಂಡಳು.

ಆಫೀಸಿನ ಕಿಟಕಿಯಿಂದ ಬಳ್ಳಿಯಣ್ಣನಿಗೆ ಕಂಡದ್ದು ಆ ಕೆಂಪು ದೀಪ. ಅವನು ಹೇಗೆ ಓಡಿದನೋ, ಯಾರ ಕಾಲು ತುಳಿದನೋ, ಚಪ್ಪಲಿ ಎಲ್ಲಿ ಬಿಟ್ಟನೋ ಅವನಿಗೇ ಗೊತ್ತಿಲ್ಲ. ಗೂಡಿನ ಬಾಗಿಲು ತಳ್ಳಿ, ಹೆಂಡತಿಯ ಬಾಯಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಮೈಕು ಎಳೆದುಕೊಂಡ. ಸರಿ, ಮೈಕು ಕೈಗೆ ಬಂತು. ಹುಟ್ಟುಗುಣ ಸುಟ್ಟರೂ ಹೋದೀತೇ?

"ಸನ್ಮಾನ್ಯ ಪ್ರಯಾಣಿಕ ಬಂಧುಗಳೇ, ಈ ಸುಂದರ ಮುಂಜಾನೆ ನಮ್ಮ ನಿಲ್ದಾಣಕ್ಕೆ ಆಗಮಿಸಿರುವ ತಮ್ಮೆಲ್ಲರಿಗೂ ತುಂಬು ಹೃದಯದ ಸ್ವಾಗತವನ್ನು ಬಯಸುತ್ತಾ..."

ಟಕ್, ಎಂದಿತು ಗಾಜು. ಒಂಬತ್ತರ ಕಂಡಕ್ಟರು ಸೀಟಿ ಊದಿದ.

"...ತಮ್ಮ ಇಂದಿನ ಪ್ರಯಾಣವು ಹೂವಿನ ಹಾಸಿಗೆಯಾಗಲೆಂದು ಹಾರೈಸುತ್ತಾ, ಈ ಶುಭ ಸಂದರ್ಭದಲ್ಲಿ..."

ಟಕ್! ಬಸ್ಸು ಅಲುಗಿತು. ಮೈಕಮ್ಮ ಅವನ ಕೈಯನ್ನು ತಳ್ಳಿ ಮತ್ತೆ ಬಾಯಿ ತೆರೆದಳು. ಆ ತೆರೆದ ಬಾಯಿಯನ್ನು ನೋಡಿದ್ದೇ ತಡ, ಬಳ್ಳಿಯಣ್ಣನ ತಲೆಯೊಳಗಿದ್ದ ಎಲೆ, ಹೂವು, ಮೊಗ್ಗು ಎಲ್ಲ ಒಂದೇ ಏಟಿಗೆ ಉದುರಿಹೋದವು.

"ಒಂಬತ್ತು. ಐದನೇ ಪ್ಲಾಟ್‌ಫಾರಂ. ಹೊರಡ್ತಿದೆ. ಓಡಿ!"

ಜನ ಓಡಿದರು. ಮುದುಕರು ಎಲ್ಲರಿಗಿಂತ ಮುಂದೆ ಓಡಿದರು. 'ಓಡಿ' ಎಂಬ ಮಾತು ಹೆಚ್ಚಾಯಿತೇನೋ ಎಂದು ಅವನು ಹೆಂಡತಿಯ ಕಡೆ ನೋಡಿದ. ಅವಳು ಬೆವರು ಒರೆಸಿಕೊಂಡು ಎರಡು ಸಲ ಟಕ್ ಎನಿಸಿದಳು.

ಮಧ್ಯಾಹ್ನದವರೆಗೂ ಹಾಗೇ ನಡೆಯಿತು. ಅವಳು ವೇಳಾಪಟ್ಟಿಯ ಮೇಲೆ ಬೆರಳಿಡುತ್ತಾಳೆ, ಅವನು ಬೆರಳಿದ್ದಷ್ಟನ್ನು ಹೇಳುತ್ತಾನೆ. ಮ್ಯಾನೇಜರು ಗೂಡಿನ ಬಾಗಿಲಿಗೆ ಬಂದು, "ಬೋಳು ಮಾಡು ಅಂದ್ರೆ ಜೀವಾನೂ ತೆಗೀತಾರೇನಯ್ಯಾ? ಸಂಜೆಯೊಳಗೆ ಆ ಪುಟ ಉಸಿರಾಡಬೇಕು. ಇಲ್ಲಾಂದ್ರೆ ನಾಳೆ ಇಲ್ಲಿ ಬೇರೆಯವರು ಕೂರ್ತಾರೆ," ಎಂದು ಹೋದರು.

ಜನ ಕಡಿಮೆಯಾದ ಮೇಲೆ ಬಳ್ಳಿಯಣ್ಣ ಆಫೀಸಿಗೆ ಮರಳಿ, ತಲೆಯ ಮೇಲೆ ಕೈ ಹೊತ್ತು ತನ್ನ ಹಳೆಯ ಅಡಿಪಟ್ಟಿಯನ್ನು ತೆರೆದು ಸಾಲು ಸಾಲಾಗಿ ನೋಡಿದ. ಸಿಕ್ಕಿತು. ಸಿಕ್ಕಿದ್ದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಅಷ್ಟು ನಾಚಿಕೆ. ಸೈಟು ಕಟ್ಟಿದ ಹೊಸತರಲ್ಲಿ ಅವನಿಗೆ ಬಳ್ಳಿ ಸುಮ್ಮನೆ ಇದ್ದರೆ ಸಾಲದು, ಅರಳಬೇಕು ಎಂಬ ಆಸೆ ಹುಟ್ಟಿತ್ತು. ಒಂದು ಸಲ ಅರಳಿ ಮುಗಿದರೆ ಮತ್ತೆ ಅರಳುವುದು ಹೇಗೆ? ನಿಮಿಷಕ್ಕೊಮ್ಮೆ ಇಡೀ ಪುಟವೇ ಹೊಸದಾಗಿ ತೆರೆದುಕೊಳ್ಳಲಿ ಎಂದು ಅಡಿಪಟ್ಟಿಯಲ್ಲಿ ಬಳ್ಳಿಯ ಜೊತೆಗೇ ಒಂದು ಸಾಲು ಬರೆದಿಟ್ಟಿದ್ದ. ಪುಟ ಹೊಸದಾಗಿ ತೆರೆದಾಗಲೆಲ್ಲ ಬಸ್ಸಿನ ಟೈಮೂ ಹೊಸದಾಗುತ್ತಿತ್ತು. ಇಷ್ಟು ವರ್ಷ ಈ ನಿಲ್ದಾಣದ ಬಸ್ಸುಗಳು ಪರದೆಯ ಮೇಲೆ ಮುಂದಕ್ಕೆ ಹೋಗುತ್ತಿದ್ದುದು ಹೂವು ಅರಳುವ ಸಲುವಾಗಿ! ಬೋಳು ಟೆಂಪ್ಲೇಟು ಅಡಿಪಟ್ಟಿಯನ್ನು ಕರೆಯಲಿಲ್ಲ. ಬಳ್ಳಿ ಬರಲಿಲ್ಲ. ಬಳ್ಳಿಯ ಬೆನ್ನಿಗೆ ಕಟ್ಟಿದ್ದ ಆ ಸಾಲೂ ಬರಲಿಲ್ಲ.

ಈಗ ಬಳ್ಳಿಯಣ್ಣನ ಮುಂದೆ ಸುಲಭದ ದಾರಿಯೊಂದಿತ್ತು. ಇಡೀ ಬಳ್ಳಿಯನ್ನು ವಾಪಸು ಕರೆದರೆ ಪುಟ ನಡೆಯುತ್ತದೆ. ಯಾರಾದರೂ ಕೇಳಿದರೆ ಬಳ್ಳಿ ಇಲ್ಲದೆ ಬಸ್ಸು ಓಡುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು, ಅದು ಸುಳ್ಳೂ ಅಲ್ಲ. ಆಸೆಯಿಂದ ಬೆರಳು ಅಲ್ಲಿಗೆ ಹೋಯಿತು ಕೂಡ. ಆದರೆ ಬಳ್ಳಿ ಬಂದರೆ ನಾಲ್ಕು ಬಸ್ಸುಗಳ ಟೈಮು ಅದರ ಹಿಂದೆ ಹೋಗುತ್ತದೆ. ಆ ನಾಲ್ಕು ಬಸ್ಸಿನವರು ಬಂದು ಗಾಜು ಬಡಿಯುತ್ತಾರೆ. ಅವನು ಕಿಟಕಿಯಿಂದ ಗೂಡಿನತ್ತ ನೋಡಿದ. ಅವಳು ಒಣಗಿದ ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಯಾರಿಗೋ ಬೆರಳು ತೋರಿಸುತ್ತಿದ್ದಳು. ಬಳ್ಳಿಯಣ್ಣ ಆ ಒಂದು ಸಾಲನ್ನು ಮಾತ್ರ ಬಿಡಿಸಿಕೊಂಡು ಬೋಳು ಪುಟದ ತುದಿಗೆ ಇಟ್ಟ. ಬಳ್ಳಿಯನ್ನು ಅಲ್ಲಿಯೇ ಬಿಟ್ಟ. ಪರದೆಯ ಮೇಲೆ ಏಳನೇ ನಂಬರು ಕೊನೆಗೂ ಹೊರಟುಹೋಯಿತು, ಅದರ ಹಿಂದೆ ಉಳಿದವೂ ಹೊರಟವು.

ಆ ತಿಂಗಳೆಲ್ಲ ಪುಟ ತನ್ನ ಪಾಡಿಗೆ ತಾನು ನಡೆಯಿತು. ಮೈಕಮ್ಮ ತುಟಿ ಬಿಚ್ಚಲಿಲ್ಲ, ಅವಳ ಕುರ್ಚಿಗೆ ಯಾರೂ ಬರಲಿಲ್ಲ. ಬಳ್ಳಿಯಣ್ಣ ಮಾತ್ರ ಮಂಕಾದ. ಒಂದು ದಿನ ಹಾಲಿನವನು ಬಾಗಿಲು ತಟ್ಟಿ ಚೀಟಿ ಹಿಡಿದು ನಿಂತ. 'ನಾಳೆ ಹಾಲು ಬೇಡ' ಎಂದಿತ್ತು. ಎಲೆಯಿಲ್ಲ, ಮೊಗ್ಗಿಲ್ಲ. "ಅಮ್ಮಾ, ಮನೇಲಿ ಎಲ್ಲಾ ಆರಾಮಾಗಿದೀರ ತಾನೆ?" ಎಂದು ಹೆದರಿಕೊಂಡೇ ಕೇಳಿದ. ಮೈಕಮ್ಮ ಆ ಚೀಟಿಯನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು.

ತಿಂಗಳು ತುಂಬಿದ ದಿನ ಇಬ್ಬರೂ ಡಾಕ್ಟರ ಮುಂದೆ ಕೂತರು. ಡಾಕ್ಟರು ಕನ್ನಡಿ ಇಟ್ಟು ಗಂಟಲು ನೋಡಿ, ನಾಲಿಗೆ ಒತ್ತುವ ಸ್ಟೀಲಿನ ಪಟ್ಟಿಯನ್ನು ಟ್ರೇಯಲ್ಲಿಟ್ಟು, "ಈಗ ಒಂದು ಮಾತು ಆಡಿ ನೋಡೋಣ. ಮೆಲ್ಲಗೆ," ಎಂದರು. ಬಳ್ಳಿಯಣ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ದನಿ ಬರುತ್ತದೋ ಇಲ್ಲವೋ ಎಂಬ ಭಯ ಅವನಿಗೆ. ಬಂದರೆ ಆಡಬೇಕೆಂದು ಅವನು ತನ್ನ ಕಡೆಯಿಂದ ದೊಡ್ಡ ಭಾಷಣವನ್ನೇ ಕಟ್ಟಿಟ್ಟುಕೊಂಡಿದ್ದ, ಅದರಲ್ಲಿ ಸನ್ಮಾನ್ಯ ಡಾಕ್ಟರೂ ಇದ್ದರು.

ಮೈಕಮ್ಮ ಗಂಡನ ಕಡೆ ತಿರುಗಿದಳು.

"ರೀ," ಎಂದಳು. ಸ್ವಲ್ಪ ಗೊಗ್ಗರಾಗಿತ್ತು, ಆದರೆ ಅದೇ ದನಿ. "ಪರದೆ. ಕೆಳಗಿನ ಮೂಲೆ. ಒಂದು ಹೂವು."

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಬಳ್ಳಿಯಣ್ಣ ಬಾಯಿ ತೆರೆದ, ಕಟ್ಟಿಟ್ಟ ಭಾಷಣದ ಒಂದಕ್ಷರವೂ ಹೊರಡಲಿಲ್ಲ. ಕಣ್ಣು ತುಂಬಿಕೊಂಡು, ಟ್ರೇಯಲ್ಲಿದ್ದ ಸ್ಟೀಲಿನ ಪಟ್ಟಿಯನ್ನು ಎತ್ತಿಕೊಂಡು, ಡಾಕ್ಟರ ಮೇಜಿನ ಮೇಲೆ ಎರಡು ಸಲ ಟಕ್, ಟಕ್ ಎನಿಸಿದ.